ಡೋಸ್ ಏರಿಸುವ ಮೊದಲು ಗಡಿಯಾರ ನೋಡಿ

ಪ್ರಶ್ನೆ: ನಾನು ಮೈಸೂರಿನವಳು, ವಯಸ್ಸು 36. ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಐಟಿ ಕೆಲಸ, ಆರು ವರ್ಷದ ಮಗ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ವರ್ಷಗಟ್ಟಲೆ ಕಾಯಬೇಕು ಅಂದಿದ್ದಕ್ಕೆ ಖಾಸಗಿ ಕ್ಲಿನಿಕ್‌ಗೆ ದುಡ್ಡು ಕೊಟ್ಟು ತೋರಿಸಿಕೊಂಡೆ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಅಂದರು. ಅದಕ್ಕೆ ಎಲ್ವಾನ್ಸ್ ಅನ್ನುವ ಮಾತ್ರೆ 30 ಮಿಲಿಗ್ರಾಂ ಶುರು ಮಾಡಿದರು. ಮೊದಲ ವಾರ ತಲೆಯೊಳಗಿನ ಗದ್ದಲವೆಲ್ಲ ನಿಂತ ಹಾಗಿತ್ತು. ಎರಡನೇ ವಾರಕ್ಕೆ ಅದು ಮಾಯ. 50ಕ್ಕೆ ಏರಿಸಿದರು. ಈಗ ಕೆಲಸ ಪರವಾಗಿಲ್ಲ. ಆದರೆ ಊಟ ಸೇರುತ್ತಿಲ್ಲ, ನಾಲ್ಕು ಕಿಲೋ ಇಳಿದಿದ್ದೇನೆ. ಸಂಜೆ ಆರರ ಹೊತ್ತಿಗೆ ಮಗನ ಮೇಲೆ ರೇಗುತ್ತೇನೆ. ರಾತ್ರಿ ಒಂದು ಗಂಟೆಯಾದರೂ ನಿದ್ದೆ ಬರುವುದಿಲ್ಲ. ಮಗನನ್ನು ಸ್ಕೂಲಿಗೆ ಬಿಟ್ಟು ಬಂದು ಒಂಬತ್ತೂವರೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಕ್ಲಿನಿಕ್‌ನವರು ‘ಬೇಕಿದ್ದರೆ 70 ನೋಡೋಣ’ ಅಂದಿದ್ದಾರೆ. ಪ್ರತಿ ಸಲ ಮಾತಾಡೋದಕ್ಕೂ ಬೇರೆ ಫೀಸು. ನಮ್ಮ ಜಿಪಿ (ಎನ್‌ಎಚ್‌ಎಸ್‌ನ ಕುಟುಂಬ ವೈದ್ಯರು) ಶೇರ್ಡ್ ಕೇರ್, ಅಂದರೆ ಕ್ಲಿನಿಕ್ ಜೊತೆ ಜವಾಬ್ದಾರಿ ಹಂಚಿಕೊಂಡು ಮಾತ್ರೆ ಬರೆಯುವುದನ್ನು ಒಪ್ಪುವುದಿಲ್ಲ ಅಂತ ಮೆಸೇಜ್ ಕಳಿಸಿದ್ದಾರೆ. ಯಜಮಾನರು ‘ಇದೆಲ್ಲ ಚಟ ಆಗಿಬಿಡುತ್ತೆ, ನಿಲ್ಲಿಸಿಬಿಡು’ ಅನ್ನುತ್ತಾರೆ. ಜುಲೈ ಕೊನೆಗೆ ಐದು ವಾರ ಅಮ್ಮನ ಮನೆಗೆ ಹೊರಟಿದ್ದೇವೆ. ಇನ್ನೊಂದು ವಿಷಯ, ನಾವು ಸಸ್ಯಾಹಾರಿಗಳು. ಕ್ಯಾಪ್ಸೂಲ್‌ನ ಹೊದಿಕೆ ಜೆಲಾಟಿನ್ ಅಂತ ಈಚೆಗೆ ಗೊತ್ತಾಯಿತು. ಏನು ಮಾಡಲಿ?

ಉತ್ತರ: 70ಕ್ಕೆ ಈಗಲೇ ಹೋಗಬೇಡಿ. ನಿಮ್ಮನ್ನು ನೋಡದೆ, ಬಿಪಿ ಅಳೆಯದೆ ನಾನು ಡೋಸ್ ಹೇಳುವ ಹಾಗಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಎಲ್ಲೂ ‘ಔಷಧ ಸಾಲುತ್ತಿಲ್ಲ’ ಅನ್ನುವ ಲಕ್ಷಣ ನನಗೆ ಕಾಣಲಿಲ್ಲ. ಕೆಲಸ ಪರವಾಗಿಲ್ಲ ಅಂತ ನೀವೇ ಬರೆದಿದ್ದೀರಿ. ಕೆಟ್ಟಿರುವುದು ಊಟ, ನಿದ್ದೆ ಮತ್ತು ಸಂಜೆ. ಈ ಮೂರೂ ಡೋಸ್ ಏರಿಸಿದರೆ ಇನ್ನೂ ಕೆಡುವಂಥವು.

ಮೊದಲು ಗಡಿಯಾರದ ಲೆಕ್ಕ ನೋಡೋಣ. ಎಲ್ವಾನ್ಸ್‌ನಲ್ಲಿರುವುದು ಲಿಸ್‌ಡೆಕ್ಸ್‌ಆಂಫೆಟಮಿನ್. ನುಂಗಿದ ತಕ್ಷಣ ಅದು ಏನೂ ಮಾಡುವುದಿಲ್ಲ. ರಕ್ತಕ್ಕೆ ಸೇರಿದ ಮೇಲೆ ಕೆಂಪು ರಕ್ತಕಣಗಳು ಅದರ ಜೊತೆಗಿರುವ ಲೈಸಿನ್ ಅನ್ನುವ ಭಾಗವನ್ನು ಕತ್ತರಿಸುತ್ತವೆ. ಆಗ ಉಳಿಯುವ ಡೆಕ್ಸ್‌ಆಂಫೆಟಮಿನ್ ಕೆಲಸ ಮಾಡುತ್ತದೆ. ಈ ಕತ್ತರಿಸುವ ಕೆಲಸ ನಿಧಾನವಾಗಿ ನಡೆಯುವುದರಿಂದಲೇ ಬೆಳಗ್ಗೆ ಒಂದು ಮಾತ್ರೆ ಇಡೀ ದಿನಕ್ಕೆ ಸಾಕಾಗುತ್ತದೆ. ದೊಡ್ಡವರಲ್ಲಿ ಪರಿಣಾಮ 14 ಗಂಟೆಯವರೆಗೂ ಇರಬಹುದು. ನೀವು ಒಂಬತ್ತೂವರೆಗೆ ತೆಗೆದುಕೊಂಡರೆ ರಾತ್ರಿ ಹನ್ನೊಂದೂವರೆಗೂ ಅದು ಮೈಯಲ್ಲಿ ಕೆಲಸ ಮಾಡುತ್ತಿರಬಹುದು. ನಿದ್ದೆ ಒಂದು ಗಂಟೆಗೂ ಬರದಿದ್ದರೆ ಆಶ್ಚರ್ಯವೇನು? ಎಲ್ಲರಿಗೂ 14 ಗಂಟೆ ಇರುವುದಿಲ್ಲ, ಕೆಲವರಿಗೆ ಎಂಟು ಹತ್ತು ಗಂಟೆಗೇ ಇಳಿದುಹೋಗುತ್ತದೆ. ನಿಮ್ಮದು ಯಾವ ಲೆಕ್ಕ ಅಂತ ಕಂಡುಕೊಳ್ಳದೆ ಮಿಲಿಗ್ರಾಂ ಬದಲಾಯಿಸುತ್ತಾ ಹೋದರೆ ಅದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಹಾಗಾಗಿ ಮುಂದಿನ ರಿವ್ಯೂಗೆ ಮೊದಲೇ, ಕ್ಲಿನಿಕ್‌ಗೆ ಒಂದು ಇಮೇಲ್ ಹಾಕಿ ತಿಳಿಸಿ, ಮಾತ್ರೆಯ ಹೊತ್ತನ್ನು ಆರೂವರೆ ಏಳಕ್ಕೆ ತನ್ನಿ. ಏಳುತ್ತಿದ್ದ ಹಾಗೆ, ಮಗನನ್ನು ಎಬ್ಬಿಸುವುದಕ್ಕೂ ಮೊದಲು. ಡೋಸ್ ಅದೇ ಇರಲಿ. ಒಂದು ವಾರ ನೋಡಿ. ಬೇರೆ ಏನನ್ನೂ ಬದಲಾಯಿಸಬೇಡಿ. ಎರಡು ಮೂರು ವಿಷಯ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಇನ್ನು ಆ ಮೊದಲ ವಾರದ ವಿಷಯ. ‘ತಲೆಯೊಳಗಿನ ಗದ್ದಲ ನಿಂತಿತು, ಆಮೇಲೆ ಮಾಯ’ ಅಂತ ಬರೆದಿದ್ದೀರಲ್ಲ, ಇದು ತುಂಬ ಜನ ಹೇಳುವ ಮಾತು. ಡೋಸ್ ಅನಗತ್ಯವಾಗಿ ಏರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಉತ್ತೇಜಕ ಔಷಧ ಹೊಸದಾಗಿ ಮೈಗೆ ಬಿದ್ದಾಗ ಮನಸ್ಸಿಗೆ ಒಂದು ಹುಮ್ಮಸ್ಸು ಬರುತ್ತದೆ. ಮೂವತ್ತಾರು ವರ್ಷ ‘ಸೋಮಾರಿ, ಗಮನ ಇಲ್ಲ’ ಅನ್ನಿಸಿಕೊಂಡವರಿಗೆ ಅದರ ಜೊತೆಗೆ ದೊಡ್ಡ ನೆಮ್ಮದಿಯೂ ಸೇರುತ್ತದೆ. ಇದೇ ಔಷಧದ ಗುಣ ಅಂದುಕೊಳ್ಳುತ್ತೇವೆ. ಅಲ್ಲ. ಆ ಹುಮ್ಮಸ್ಸು ಕೆಲವು ದಿನದಲ್ಲಿ ತಾನಾಗಿ ಇಳಿಯುತ್ತದೆ, ಇಳಿಯಲೂ ಬೇಕು. ಆಮೇಲೆ ಉಳಿಯುವುದೇ ನಿಜವಾದ ಕೆಲಸ, ಮತ್ತು ಅದು ಸದ್ದಿಲ್ಲದ್ದು. ಔಷಧ ಹಿಡಿದಿದೆ ಅನ್ನುವುದು ಅನುಭವದಲ್ಲಿ ಗೊತ್ತಾಗುವುದಕ್ಕಿಂತ ದಿನದ ಕೊನೆಗೆ ಮುಗಿದ ಕೆಲಸದಲ್ಲಿ ಜಾಸ್ತಿ ಗೊತ್ತಾಗುತ್ತದೆ. ವಾಷಿಂಗ್ ಮೆಶಿನ್‌ನಲ್ಲಿ ಒದ್ದೆ ಬಟ್ಟೆ ಮರೆತು ನಾತ ಬರುವುದು ನಿಂತಿದೆಯೇ? ಮೀಟಿಂಗ್‌ನಲ್ಲಿ ಬೇರೆಯವರ ಮಾತು ಮುಗಿಯುವ ತನಕ ಕಾಯುತ್ತಿದ್ದೀರಾ? ಸ್ಕೂಲಿನ ಫಾರ್ಮು ಕೊನೆ ದಿನಕ್ಕೆ ಮೊದಲೇ ಹೋಗುತ್ತಿದೆಯೇ? 30ರಲ್ಲಿ ಎರಡನೇ ವಾರ, ಮೂರನೇ ವಾರ ಇವೆಲ್ಲ ಹೇಗಿದ್ದವು ಅಂತ ನೆನಪಿಸಿಕೊಳ್ಳಿ. ಹುಮ್ಮಸ್ಸು ಹೋಗಿತ್ತು, ಕೆಲಸ ನಡೆಯುತ್ತಿತ್ತು ಅನ್ನುವುದಾದರೆ, 30 ಸೋತಿತ್ತು ಅಂತ ನಾನು ಒಪ್ಪುವುದಿಲ್ಲ.

ಮಿಲಿಗ್ರಾಂ ಜಾಸ್ತಿ ಆದರೆ ಕಾಯಿಲೆ ಜೋರು, ಕಡಿಮೆ ಆದರೆ ಸಣ್ಣದು ಅಂತಲೂ ಅಂದುಕೊಳ್ಳಬೇಡಿ. ಆರಡಿ ಎತ್ತರದ ಗಂಡಸಿಗೆ 30 ಸಾಕಾಗಬಹುದು, ಸಣ್ಣ ಮೈಕಟ್ಟಿನವರಿಗೆ 70 ಬೇಕಾಗಬಹುದು. ಕನ್ನಡಕದ ನಂಬರಿನ ಹಾಗೆ, ಹೊಂದುವುದು ಮುಖ್ಯ. ಯಾರ ಜೊತೆಗೂ ಹೋಲಿಸಿ ನೋಡುವಂಥದ್ದಲ್ಲ.

ಈಗ ಸಂಜೆ ಆರರ ಸಿಟ್ಟು. ಇದಕ್ಕೆ ಮೂರು ಕಾರಣ ಇರಬಹುದು, ಮೂರಕ್ಕೂ ಮದ್ದು ಬೇರೆ ಬೇರೆ. ಒಂದು, ಹಸಿವು. ಔಷಧ ಹಸಿವನ್ನು ಮುಚ್ಚಿಡುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ಬೆಳಗ್ಗೆ ಒಂದು ಕಾಫಿ, ಮಧ್ಯಾಹ್ನ ಏನೂ ಇಲ್ಲ, ಸಂಜೆ ಮಗನಿಗೆ ತಿಂಡಿ ಮಾಡುತ್ತಾ ನಿಂತಾಗ ಕೈ ನಡುಗಿ ಸಿಟ್ಟು ಬಂತು ಅಂದರೆ ಅದು ಮನೋರೋಗವೂ ಅಲ್ಲ, ಡೋಸಿನ ತಪ್ಪೂ ಅಲ್ಲ. ಎರಡು, ಡೋಸ್ ಜಾಸ್ತಿಯಾಗಿರುವುದು. ಹಾಗಿದ್ದರೆ ಬಿಗಿತ ಮಧ್ಯಾಹ್ನದಿಂದಲೇ ಶುರುವಾಗಿರುತ್ತದೆ. ದವಡೆ ಕಚ್ಚಿ ಹಿಡಿದಿರುತ್ತೀರಿ, ಬಾಯಿ ಒಣಗಿರುತ್ತದೆ, ಒಂದೇ ಕೆಲಸಕ್ಕೆ ಅಂಟಿಕೊಂಡು ಯಾರಾದರೂ ಕರೆದರೆ ಉರಿಯುತ್ತದೆ, ನಗು ಬರುವ ಕಡೆ ನಗು ಬರುವುದಿಲ್ಲ. ಮೂರು, ಔಷಧ ಇಳಿಯುವ ಹೊತ್ತು. ಮಧ್ಯಾಹ್ನವೆಲ್ಲ ಚೆನ್ನಾಗಿದ್ದು, ಒಂದು ಹೊತ್ತಿಗೆ ಸರಿಯಾಗಿ ಅರ್ಧ ಮುಕ್ಕಾಲು ಗಂಟೆಯಲ್ಲಿ ಸುಸ್ತು, ಅಳು, ಸಿಟ್ಟು ಎಲ್ಲ ಒಟ್ಟಿಗೆ ಬರುತ್ತದೆ, ಆಮೇಲೆ ತಣ್ಣಗಾಗುತ್ತದೆ.

ಇದನ್ನು ಪತ್ತೆ ಮಾಡುವುದು ಸುಲಭ. ಮಾತ್ರೆಯ ಹೊತ್ತು ಬದಲಿಸಿದ ಆ ವಾರ ಮುಗಿದ ಮೇಲೆ, ಮಧ್ಯಾಹ್ನ ಒಂದಕ್ಕೆ ಮತ್ತು ಸಂಜೆ ನಾಲ್ಕೂವರೆಗೆ ಫೋನಿನಲ್ಲಿ ಅಲಾರಂ ಇಡಿ. ಹಸಿವಿರಲಿ ಬಿಡಲಿ, ತಿನ್ನಿ. ಅನ್ನ ಸಾರು ಸೇರದಿದ್ದರೆ ಮೊಸರನ್ನಕ್ಕೆ ಒಂದು ಚಮಚ ತುಪ್ಪ, ಒಂದು ಹಿಡಿ ಕಡಲೆಬೀಜ, ಬಾಳೆಹಣ್ಣು, ಒಂದು ಲೋಟ ಹಾಲು. ಒಂದು ವಾರ ಹೀಗೆ ತಿಂದ ಮೇಲೆ ಆರರ ಸಿಟ್ಟು ಅರ್ಧ ಇಳಿದರೆ ಕಾರಣ ಸಿಕ್ಕಿತು. ಮಾತ್ರೆಯ ಹೊತ್ತನ್ನು ಏಳಕ್ಕೆ ತಂದಾಗ ಸಿಟ್ಟಿನ ಹೊತ್ತೂ ಹಿಂದಕ್ಕೆ ಸರಿದು ಮೂರೂವರೆಗೆ ಬಂದರೆ, ಅದು ಔಷಧ ಇಳಿಯುವ ಹೊತ್ತು ಅಂತ ಅರ್ಥ. ಹೊತ್ತೂ ಸರಿಯಲಿಲ್ಲ, ಊಟಕ್ಕೂ ಬಗ್ಗಲಿಲ್ಲ, ಮಧ್ಯಾಹ್ನವೇ ಬಿಗಿತ ಇದೆ ಅಂದರೆ ಡೋಸ್ ಜಾಸ್ತಿ. ಆಗ ಕ್ಲಿನಿಕ್‌ನವರನ್ನು ಕೇಳಬೇಕಾದ್ದು 40ರ ಬಗ್ಗೆ. ಎಲ್ವಾನ್ಸ್ 30, 50, 70 ಮಾತ್ರ ಅಂತ ತುಂಬ ಜನ ಅಂದುಕೊಂಡಿದ್ದಾರೆ, ಏರಿಸುವಾಗ ಸಾಮಾನ್ಯವಾಗಿ 20ರ ಮೆಟ್ಟಿಲಲ್ಲಿ ಏರಿಸುವುದರಿಂದ. ಬ್ರಿಟನ್ನಿನಲ್ಲಿ 20, 40, 60 ಕೂಡ ಇವೆ.

ಕಾಫಿ ಬಿಡಿ ಅಂತ ಮೈಸೂರಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಆದರೆ ಬೆಳಗಿನ ಒಂದು ಫಿಲ್ಟರ್ ಕಾಫಿಗೆ ನಿಲ್ಲಿಸಿ. ಮಧ್ಯಾಹ್ನದ ಮೇಲೆ ಬೇಡ. ಎದೆ ಬಡಿತ, ಕೈ ನಡುಕ, ನಿದ್ದೆಗೇಡು ಮೂರಕ್ಕೂ ಕೆಫೀನ್ ಕೈ ಜೋಡಿಸುತ್ತದೆ, ಬೈಗುಳ ಮಾತ್ರ ಮಾತ್ರೆಗೆ ಹೋಗುತ್ತದೆ.

ಒಂದು ನೋಟ್‌ಬುಕ್ ಇಡಿ. ಆ್ಯಪ್ ಬೇಡ, ಮೂರನೇ ದಿನಕ್ಕೆ ಆ್ಯಪನ್ನೇ ಮರೆಯುತ್ತೀರಿ. ಅಡುಗೆಮನೆಯಲ್ಲಿ ಮಾತ್ರೆ ಡಬ್ಬಿಯ ಪಕ್ಕದಲ್ಲೇ ಪೆನ್ನು ಕಟ್ಟಿ ಇಟ್ಟುಬಿಡಿ. ದಿನಕ್ಕೆ ಒಂದೇ ಸಾಲು. ಹೀಗೆ: ‘ಮಂಗಳವಾರ. ಮಾತ್ರೆ 6.50. ಇಡ್ಲಿ ಎರಡು. 11ಕ್ಕೆ ಚೆನ್ನಾಗಿದೆ. ಊಟ ಅರ್ಧ. 4.30 ಬಾಳೆಹಣ್ಣು. 6ಕ್ಕೆ ಸಿಟ್ಟು ಸ್ವಲ್ಪ. ನಿದ್ದೆ 11.30. ಬಿಪಿ 118/76, ನಾಡಿ 84.’ ಮುಟ್ಟಿನ ದಿನಗಳನ್ನೂ ಗುರುತು ಹಾಕಿ. ಮುಟ್ಟಿಗೆ ಮುಂಚಿನ ವಾರ ಮಾತ್ರೆ ಹಿಡಿಯುವುದೇ ಇಲ್ಲ ಅನ್ನುವ ಹೆಂಗಸರು ಅನೇಕರಿದ್ದಾರೆ. ಅದೇ ವಾರ ರಿವ್ಯೂ ಬಿದ್ದರೆ ಡೋಸ್ ಏರುತ್ತದೆ, ಮುಂದಿನ ವಾರ ಅದೇ ಡೋಸ್ ಜಾಸ್ತಿ ಅನ್ನಿಸುತ್ತದೆ. ಇನ್ನೊಂದು ಸಾಲು ನಿಮ್ಮ ಯಜಮಾನರು ಬರೆಯಲಿ, ವಾರಕ್ಕೊಮ್ಮೆ ಸಾಕು. ಸಂಜೆ ನೀವು ಹೇಗಿದ್ದಿರಿ ಅನ್ನುವುದು ನಿಮಗಿಂತ ಅವರಿಗೆ ಚೆನ್ನಾಗಿ ಕಾಣುತ್ತದೆ. ‘ನಿಲ್ಲಿಸಿಬಿಡು’ ಅನ್ನುವವರ ಕೈಗೆ ಪೆನ್ನು ಕೊಡುವುದರಿಂದ ಇನ್ನೂ ಒಂದು ಲಾಭ ಇದೆ, ಅವರೂ ಇದರಲ್ಲಿ ಪಾಲುದಾರರಾಗುತ್ತಾರೆ.

ಬಿಪಿ ಮತ್ತು ನಾಡಿ ಸುಮ್ನೆ ಫಾರ್ಮಿನಲ್ಲಿ ತುಂಬುವ ಸಂಖ್ಯೆ ಅಲ್ಲ. ಇಂಗ್ಲೆಂಡಿನ ವೈದ್ಯರು ಎಡಿಎಚ್‌ಡಿಗೆ ಅನುಸರಿಸುವುದು ನೈಸ್ ಅನ್ನುವ ಸಂಸ್ಥೆಯ ಮಾರ್ಗಸೂಚಿ, 2018ರದ್ದು. ಅದರ ಪ್ರಕಾರ ಪ್ರತಿ ಸಲ ಡೋಸ್ ಬದಲಿಸುವ ಮೊದಲೂ ಆಮೇಲೂ ಇವೆರಡನ್ನೂ ನೋಡಬೇಕು, ಡೋಸ್ ಸ್ಥಿರವಾದ ಮೇಲೂ ಆರು ತಿಂಗಳಿಗೊಮ್ಮೆ ನೋಡಬೇಕು. ಮನೆಯಲ್ಲಿ ಅಳೆಯುವಾಗ ಐದು ನಿಮಿಷ ಸುಮ್ಮನೆ ಕೂತು, ಕೈಯನ್ನು ಮೇಜಿನ ಮೇಲೆ ಎದೆಮಟ್ಟಕ್ಕೆ ಇಟ್ಟು, ಎರಡು ಸಲ ಅಳೆಯಿರಿ. ಕಾಫಿ ಕುಡಿದ ಅರ್ಧ ಗಂಟೆಯೊಳಗೆ ಬೇಡ. ಕೂತಿದ್ದಾಗಲೂ ನಾಡಿ 120 ದಾಟುತ್ತಿದ್ದರೆ ರಿವ್ಯೂ ದಿನಕ್ಕೆ ಕಾಯಬೇಡಿ, ಅವತ್ತೇ ಕ್ಲಿನಿಕ್‌ಗೆ ಹೇಳಿ. ಎದೆನೋವು, ತಲೆಸುತ್ತಿ ಬೀಳುವುದು, ಇಲ್ಲದ ದನಿ ಕೇಳುವುದು, ಬದುಕೇ ಬೇಡ ಅನ್ನಿಸುವುದು, ಇವುಗಳಲ್ಲಿ ಯಾವುದಾದರೂ ಆದರೆ ಮುಂದಿನ ಮಾತ್ರೆ ತೆಗೆದುಕೊಳ್ಳಬೇಡಿ. ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ, ಜೋರಾಗಿದ್ದರೆ ತುರ್ತು ಸೇವೆಯ 999ಕ್ಕೆ ಫೋನ್ ಮಾಡಿ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ದಿಢೀರ್ ಅಂತ ತೀರಿಕೊಂಡಿದ್ದಾರಾ ಅಂತ ಕ್ಲಿನಿಕ್‌ನವರು ಕೇಳಿರಬೇಕು. ಕೇಳಿಲ್ಲದಿದ್ದರೆ ನೀವೇ ಅಮ್ಮನಿಗೆ ಫೋನ್ ಮಾಡಿ ಕೇಳಿ. ನಮ್ಮಲ್ಲಿ ‘ಚಿಕ್ಕಪ್ಪ ಹೋಗಿಬಿಟ್ಟರು’ ಅನ್ನುತ್ತಾರೆ, ಯಾವುದರಿಂದ ಅಂತ ಯಾರೂ ಹೇಳುವುದಿಲ್ಲ. ಜೊತೆಗೆ ಥೈರಾಯ್ಡ್, ಬಿ12, ಕಬ್ಬಿಣ ಒಮ್ಮೆ ನೋಡಿಸಿ. ಸಸ್ಯಾಹಾರಿ ಹೆಂಗಸರಲ್ಲಿ ಬಿ12 ಕಡಿಮೆ ಇರುವುದು ಹೊಸದಲ್ಲ. ಅದರ ಸುಸ್ತನ್ನು ಎಡಿಎಚ್‌ಡಿ ಮಾತ್ರೆಯಿಂದ ಓಡಿಸಲು ಆಗುವುದಿಲ್ಲ. ಈ ರಕ್ತಪರೀಕ್ಷೆಗೆ ಜಿಪಿ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಹೊಂದದಿದ್ದರೆ ಮುಂದಿನ ದಾರಿ ಔಷಧ ಬದಲಿಸುವುದು. 70ಕ್ಕೆ ಏರಿಸುವುದಲ್ಲ. ದೊಡ್ಡವರಿಗೆ ಮೊದಲ ಸಾಲಿನಲ್ಲಿ ಲಿಸ್‌ಡೆಕ್ಸ್‌ಆಂಫೆಟಮಿನ್ ಜೊತೆಗೆ ಮೀಥೈಲ್‌ಫೆನಿಡೇಟ್ ಕೂಡ ಇದೆ. ಒಂದು ಒಗ್ಗದವರಿಗೆ ಇನ್ನೊಂದು ಚೆನ್ನಾಗಿ ಒಗ್ಗುವುದನ್ನು ದಿನವೂ ನೋಡುತ್ತೇವೆ. ಮೀಥೈಲ್‌ಫೆನಿಡೇಟ್‌ನಲ್ಲಿ ಹೊತ್ತಿನ ಆಯ್ಕೆ ಜಾಸ್ತಿ. ಸಾದಾ ಮಾತ್ರೆ ಮೂರು ನಾಲ್ಕು ಗಂಟೆ, ಮೆಡಿಕಿನೆಟ್ ಎಕ್ಸ್‌ಎಲ್ ಅಥವಾ ಇಕ್ವಾಸಿಮ್ ಎಕ್ಸ್‌ಎಲ್ ಸುಮಾರು ಎಂಟು ಗಂಟೆ, ಕಾನ್ಸರ್ಟಾ ಎಕ್ಸ್‌ಎಲ್ ಸುಮಾರು ಹನ್ನೆರಡು. ನಿದ್ದೆಯೇ ದೊಡ್ಡ ತೊಂದರೆಯಾದವರಿಗೆ ಎಂಟು ಗಂಟೆಯದು ಅನುಕೂಲ. ಉತ್ತೇಜಕವೇ ಬೇಡ ಅನ್ನುವವರಿಗೆ ಅಟೊಮಾಕ್ಸೆಟಿನ್ ಇದೆ. ಅದು ನಿಧಾನ, ಪೂರ್ತಿ ಗುಣ ಕಾಣಲು ವಾರಗಳು ಬೇಕು. ಖಿನ್ನತೆಗೆ ಫ್ಲೂಆಕ್ಸೆಟಿನ್ ಅಥವಾ ಪಾರಾಕ್ಸೆಟಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತದಲ್ಲಿ ಅಟೊಮಾಕ್ಸೆಟಿನ್ ಮಟ್ಟ ಏರುತ್ತದೆ, ಅದನ್ನು ಮುಂಚೆಯೇ ಹೇಳಬೇಕು.

ಈಗ ದುಡ್ಡಿನ ಮಾತು. ಪ್ರತಿ ರಿವ್ಯೂಗೆ ಫೀಸು ಇದ್ದಾಗ ‘ಬೇಗ ಬೇಗ ಏರಿಸಿ ಮುಗಿಸೋಣ’ ಅನ್ನಿಸುವುದು ಸಹಜ. ಕ್ಲಿನಿಕ್‌ಗೂ ವೇಳಾಪಟ್ಟಿ ಇರುತ್ತದೆ. ಎರಡೂ ಸೇರಿ ಮಾತ್ರೆಯನ್ನು ನಿಮ್ಮ ಮೈಗಿಂತ ವೇಗವಾಗಿ ಓಡಿಸುತ್ತವೆ. ಮಾರ್ಗಸೂಚಿ ಹೇಳುವ ಗುರಿ ಸರಳ. ಲಕ್ಷಣ ಕಡಿಮೆಯಾಗಬೇಕು, ಕೆಲಸ ಮತ್ತು ಸಂಬಂಧಗಳು ಸುಧಾರಿಸಬೇಕು, ಅಡ್ಡಪರಿಣಾಮ ಸಹಿಸುವಷ್ಟಿರಬೇಕು. ಅತಿ ಹೆಚ್ಚಿನ ಡೋಸ್ ಮುಟ್ಟಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ಕ್ಲಿನಿಕ್‌ಗೆ ಮೂರು ಪ್ರಶ್ನೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಇಮೇಲ್‌ನಲ್ಲಿ ಡೋಸ್ ಇಳಿಸಿದರೆ ಅದಕ್ಕೂ ಫೀಸೇ? ಡೋಸ್ ಸ್ಥಿರವಾದ ಮೇಲೆ ಪ್ರತಿ ತಿಂಗಳ ಪ್ರಿಸ್ಕ್ರಿಪ್ಶನ್‌ಗೆ ಎಷ್ಟು? ಕ್ಲಿನಿಕ್ ಮುಚ್ಚಿದರೆ ಅಥವಾ ನಿಮ್ಮನ್ನು ನೋಡುವವರು ಬಿಟ್ಟುಹೋದರೆ ಔಷಧ ಯಾರು ಬರೆಯುತ್ತಾರೆ? ನೋಟ್‌ಬುಕ್ಕಿನ ಎರಡು ವಾರದ ಸಾಲುಗಳನ್ನು ಫೋಟೊ ತೆಗೆದು ರಿವ್ಯೂಗೆ ಮೊದಲೇ ಕಳಿಸಿ. ಇಪ್ಪತ್ತು ನಿಮಿಷದ ಫೀಸಿನಲ್ಲಿ ಹದಿನೈದು ನಿಮಿಷ ‘ಹೇಗಿದ್ದೀರಿ’ ಅನ್ನುವುದಕ್ಕೇ ಹೋಗುವುದು ಆಗ ತಪ್ಪುತ್ತದೆ.

ಔಷಧದ ಬೆಲೆ ಬೇರೆ. ಖಾಸಗಿ ಪ್ರಿಸ್ಕ್ರಿಪ್ಶನ್‌ಗೆ ಪ್ರತಿ ಫಾರ್ಮಸಿ ತನ್ನದೇ ಬೆಲೆ ಹಾಕುತ್ತದೆ. ಒಂದೇ ಬೀದಿಯ ಎರಡು ಅಂಗಡಿಯಲ್ಲಿ ಒಂದೇ ಡಬ್ಬಿಗೆ ಬೇರೆ ಬೇರೆ ಬೆಲೆ ಇರುತ್ತದೆ. ಮೂರು ಕಡೆ ಫೋನ್ ಮಾಡಿ ಕೇಳಿ, ನಾಚಿಕೆ ಪಡಬೇಡಿ. ಎಲ್ವಾನ್ಸ್ ನಿಯಂತ್ರಿತ ಔಷಧ. ಹಾಗಾಗಿ ಖಾಸಗಿ ವೈದ್ಯರು ಅದನ್ನು ಬರೆಯುವುದು ಪಿಂಕ್ ಬಣ್ಣದ ಬೇರೆ ಕಾಗದದಲ್ಲಿ, ಸಾಮಾನ್ಯವಾಗಿ 30 ದಿನಕ್ಕೆ ಮಾತ್ರ. ಆ ಕಾಗದ 28 ದಿನ ಮಾತ್ರ ಚಾಲ್ತಿ, ಆಮೇಲೆ ಅದು ರದ್ದಿ. ಕಾಗದ ಅಂಚೆಯಲ್ಲಿ ಬರುತ್ತದೆ, ಅಂಚೆ ತಡವಾಗುತ್ತದೆ, ಅಂಗಡಿಯಲ್ಲಿ ಸ್ಟಾಕ್ ಇರುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಈ ಔಷಧಗಳ ಕೊರತೆಯಾಗಿ ಸರ್ಕಾರವೇ ಎಚ್ಚರಿಕೆ ಹೊರಡಿಸಬೇಕಾಯಿತು. ಡಬ್ಬಿಯಲ್ಲಿ ಹತ್ತು ದಿನದ್ದು ಉಳಿದಿರುವಾಗಲೇ ಮುಂದಿನದನ್ನು ಕೇಳಿ.

ಜಿಪಿ ಒಪ್ಪದಿರುವುದಕ್ಕೆ ನೀವು ಬೇಜಾರು ಮಾಡಿಕೊಂಡಿರುವುದು ಪತ್ರದಲ್ಲಿ ಕಾಣುತ್ತದೆ. ನಿಯಮ ಹೀಗಿದೆ. ಡೋಸ್ ಸ್ಥಿರವಾದ ಮೇಲೆ ತಜ್ಞರು ಮತ್ತು ಜಿಪಿ ಜವಾಬ್ದಾರಿ ಹಂಚಿಕೊಳ್ಳುವುದು ಶೇರ್ಡ್ ಕೇರ್. ಜಿಪಿ ಮಾತ್ರೆ ಬರೆಯುತ್ತಾರೆ, ತಜ್ಞರು ವರ್ಷಕ್ಕೊಮ್ಮೆಯಾದರೂ ನೋಡುತ್ತಾರೆ. ಇದು ಜಿಪಿಯ ಕರ್ತವ್ಯ ಅಲ್ಲ, ಅವರ ಒಪ್ಪಿಗೆಗೆ ಬಿಟ್ಟದ್ದು. ಸಹಿ ಹಾಕಿದವರು ತಾವೇ ಹೊಣೆ, ಆದ್ದರಿಂದ ಕಾಗದದ ಮೇಲೆ ನಂಬಿಕೆ ಬರದಿದ್ದರೆ ಬೇಡ ಅನ್ನುತ್ತಾರೆ. 2023ರ ಮೇ ತಿಂಗಳಲ್ಲಿ ಬಿಬಿಸಿಯ ಒಂದು ಕಾರ್ಯಕ್ರಮ ಕೆಲವು ಖಾಸಗಿ ಕ್ಲಿನಿಕ್‌ಗಳು ವಿಡಿಯೊ ಕಾಲ್‌ನಲ್ಲಿ ಅವಸರದಲ್ಲಿ ಎಡಿಎಚ್‌ಡಿ ಅಂತ ಬರೆದುಕೊಡುವುದನ್ನು ತೋರಿಸಿತು. ಆ ಕಾರ್ಯಕ್ರಮದ ಬಗ್ಗೆ ಎಡಿಎಚ್‌ಡಿ ಇರುವವರಿಗೆ ತುಂಬ ಸಿಟ್ಟಿದೆ, ಅದು ನ್ಯಾಯವೂ ಹೌದು. ಹಾಗಂತ ಜಿಪಿಗಳ ಅನುಮಾನ ಸುಮ್ನೆ ಹುಟ್ಟಿದ್ದೂ ಅಲ್ಲ.

ನಿಮ್ಮ ಕೆಲಸ ಅವರ ಅನುಮಾನದ ಜಾಗವನ್ನು ಕಡಿಮೆ ಮಾಡುವುದು. ಮೊದಲು ಕೇಳಿ, ನಿಮ್ಮ ಜಿಪಿಯ ದವಾಖಾನೆ ಯಾರಿಗೂ ಶೇರ್ಡ್ ಕೇರ್ ಮಾಡುವುದಿಲ್ಲವೋ, ಖಾಸಗಿಯವರಿಗೆ ಮಾತ್ರ ಇಲ್ಲವೋ, ಅಥವಾ ಈ ಕ್ಲಿನಿಕ್‌ಗೆ ಮಾತ್ರ ಇಲ್ಲವೋ? ಮೂರೂ ಬೇರೆ ಬೇರೆ ಉತ್ತರ. ಮೂರನೆಯದಾದರೆ ದಾರಿ ಇದೆ. ಕ್ಲಿನಿಕ್‌ನಿಂದ ಪೂರ್ತಿ ವರದಿ ತರಿಸಿ. ರೋಗ ಗುರುತಿಸಿದವರು ಯಾರು, ಅವರ ನೋಂದಣಿ ಏನು, ಮನೋರೋಗ ಗುರುತಿಸುವ ಕೈಪಿಡಿ ಡಿಎಸ್‌ಎಮ್-5ರ ಯಾವ ಲಕ್ಷಣಗಳು ಇದ್ದವು, ಬಾಲ್ಯದ ಬಗ್ಗೆ ಯಾರನ್ನು ಕೇಳಿದರು, ಬೇರೆ ಕಾರಣಗಳನ್ನು ಹೇಗೆ ತಳ್ಳಿಹಾಕಿದರು, ಪ್ರತಿ ಡೋಸಿನ ಬಿಪಿ, ನಾಡಿ, ತೂಕ, ಇವೆಲ್ಲ ಅದರಲ್ಲಿ ಇರಬೇಕು. ನಿಮ್ಮ ಹಳೆಯ ಮಾರ್ಕ್ಸ್ ಕಾರ್ಡಿನಲ್ಲಿ ‘ಬುದ್ಧಿವಂತೆ, ಆದರೆ ಗಮನ ಇಲ್ಲ’ ಅಂತ ಮೇಡಂ ಬರೆದಿದ್ದರೆ ಅದರ ಫೋಟೊ ಅಮ್ಮನಿಂದ ತರಿಸಿಕೊಳ್ಳಿ. ಇಂಥ ಕಾಗದಕ್ಕೆ ತುಂಬ ಬೆಲೆ ಇದೆ. ಡೋಸ್ ಇನ್ನೂ ಏರುತ್ತಿರುವಾಗ ಮಾತ್ರ ಶೇರ್ಡ್ ಕೇರ್ ಕೇಳಬೇಡಿ. ಡೋಸ್ ಸ್ಥಿರವಾಗುವ ಮೊದಲೇ ಕೇಳಿದ ಕಾರಣಕ್ಕೆ ‘ಇಲ್ಲ’ ಅನ್ನಿಸಿಕೊಂಡವರು ಬಹಳ ಜನ.

ಇದಾವುದೂ ಆಗದಿದ್ದರೆ ಎರಡು ದಾರಿ ಉಳಿಯುತ್ತವೆ, ಎರಡನ್ನೂ ಇವತ್ತೇ ಶುರು ಮಾಡಬಹುದು. ಒಂದು, ಜಿಪಿ ನಿಮ್ಮನ್ನು ಸ್ಥಳೀಯ ಎನ್‌ಎಚ್‌ಎಸ್ ಎಡಿಎಚ್‌ಡಿ ತಂಡಕ್ಕೆ ಕಳಿಸುವುದು. ಖಾಸಗಿಗೆ ಹೋದಿರಿ ಅಂತ ಎನ್‌ಎಚ್‌ಎಸ್ ನಿಮ್ಮ ಹಕ್ಕನ್ನು ಕಿತ್ತುಕೊಳ್ಳುವ ಹಾಗಿಲ್ಲ. ಸರದಿ ಉದ್ದ ಇರಬಹುದು, ಆದರೆ ಹೆಸರು ಬರೆಸದೆ ಸರದಿ ಬರುವುದಿಲ್ಲ ಅಲ್ವಾ? ಎರಡು, ರೈಟ್ ಟು ಚೂಸ್. ಇಂಗ್ಲೆಂಡಿನಲ್ಲಿ ಮಾತ್ರ ಇರುವ ಹಕ್ಕು ಇದು. ಎನ್‌ಎಚ್‌ಎಸ್ ಜೊತೆ ಒಪ್ಪಂದ ಇರುವ ಬೇರೆ ಸಂಸ್ಥೆಗೆ ನಿಮ್ಮನ್ನು ಕಳಿಸಿ ಅಂತ ಜಿಪಿಯನ್ನು ಕೇಳಬಹುದು, ಖರ್ಚು ಎನ್‌ಎಚ್‌ಎಸ್‌ದು. ಕೆಲವು ಸಂಸ್ಥೆಗಳು ನಿಮ್ಮ ಖಾಸಗಿ ವರದಿ ನೋಡಿ ನೇರ ಔಷಧದ ಹಂತಕ್ಕೆ ತೆಗೆದುಕೊಳ್ಳುತ್ತವೆ, ಕೆಲವು ಮೊದಲಿನಿಂದ ಪರೀಕ್ಷೆ ಮಾಡುತ್ತವೆ. ಹೆಸರು ಕೊಡುವ ಮೊದಲೇ ಇದನ್ನು ಕೇಳಿ. ಆ ದಾರಿಯಲ್ಲಿ ಮಾತ್ರೆಗೆ ನೀವು ಕೊಡುವುದು ಎನ್‌ಎಚ್‌ಎಸ್ ಪ್ರಿಸ್ಕ್ರಿಪ್ಶನ್ ಶುಲ್ಕ, ಈಗ ಒಂದು ಔಷಧಕ್ಕೆ 9.90 ಪೌಂಡ್. ಇದನ್ನು ಓದುತ್ತಿರುವ ಗ್ಲಾಸ್ಗೋ, ಕಾರ್ಡಿಫ್, ಬೆಲ್‌ಫಾಸ್ಟ್ ಕನ್ನಡಿಗರಿಗೆ ಈ ಹಕ್ಕು ಇಲ್ಲ. ಆದರೆ ಅಲ್ಲಿ ಎನ್‌ಎಚ್‌ಎಸ್ ಪ್ರಿಸ್ಕ್ರಿಪ್ಶನ್ ಪುಕ್ಕಟೆ.

ಯಜಮಾನರ ಭಯಕ್ಕೆ ಬರುತ್ತೇನೆ. ಅವರ ಭಯ ಪೂರ್ತಿ ಗಾಳಿಮಾತಲ್ಲ. ಈ ಔಷಧವನ್ನು ದುರುಪಯೋಗ ಮಾಡಿಕೊಳ್ಳಬಹುದು, ಅದಕ್ಕೇ ಅದು ನಿಯಂತ್ರಣದಲ್ಲಿದೆ. ಆದರೆ ಬರೆದಷ್ಟೇ ಡೋಸ್ ಬಾಯಿಂದ ತೆಗೆದುಕೊಳ್ಳುವವರಿಗೆ ಚಟ ಹತ್ತುವುದು ಅಪರೂಪ. ನಿಧಾನವಾಗಿ ಕತ್ತರಿಸಿಕೊಂಡು ಹೊರಬರುವ ಔಷಧ ಅಂತ ಮೇಲೆ ಹೇಳಿದೆನಲ್ಲ, ಅದರಿಂದಲೇ ಇದರಲ್ಲಿ ಥಟ್ಟನೆ ನಶೆ ಏರುವುದಿಲ್ಲ. ಚಟ ಹತ್ತಿದವರು ಮಾತ್ರೆಯನ್ನು ಮರೆಯುವುದಿಲ್ಲ. ಎಡಿಎಚ್‌ಡಿ ಇರುವವರು ವಾರಕ್ಕೆರಡು ಸಲ ಮರೆತೇ ಮರೆಯುತ್ತಾರೆ. ಮರೆತ ದಿನ ಮಧ್ಯಾಹ್ನ ನೆನಪಾದರೆ ಬಿಟ್ಟುಬಿಡಿ, ಮರುದಿನ ಬೆಳಗ್ಗೆ ತೆಗೆದುಕೊಳ್ಳಿ. ಆಫೀಸಿನ ಗೆಳತಿ ‘ನನಗೂ ಒಂದು ಕೊಡೆ, ಡೆಡ್‌ಲೈನ್ ಇದೆ’ ಅಂದರೆ ಕೊಡಬೇಡಿ, ಅದು ಅಪರಾಧ. ಕಾರು ಓಡಿಸುತ್ತಿದ್ದರೆ ಪ್ರಿಸ್ಕ್ರಿಪ್ಶನ್ ಪ್ರತಿ ಕಾರಿನಲ್ಲಿರಲಿ. ಇಂಗ್ಲೆಂಡಿನಲ್ಲಿ 2015ರಿಂದ ಆಂಫೆಟಮಿನ್‌ಗೂ ರಕ್ತದಲ್ಲಿ ಮಿತಿ ಇದೆ. ವೈದ್ಯರು ಹೇಳಿದ ಹಾಗೆ ತೆಗೆದುಕೊಂಡು, ಓಡಿಸಲು ಸರಿಯಾಗಿದ್ದರೆ ಕಾನೂನಿನ ರಕ್ಷಣೆ ಇದೆ. ಕಾಯಿಲೆ ಅಥವಾ ಔಷಧದಿಂದ ಚಾಲನೆಗೆ ತೊಂದರೆ ಆಗುತ್ತಿದ್ದರೆ ಲೈಸೆನ್ಸ್ ಕೊಡುವ ಇಲಾಖೆ ಡಿವಿಎಲ್‌ಎಗೆ ತಿಳಿಸಲೇಬೇಕು. ಇನ್ನೊಂದು ಮಗು ಬೇಕು ಅಂತ ಇದ್ದರೆ ಅದನ್ನೂ ಕ್ಲಿನಿಕ್‌ಗೆ ಮುಂಚೆಯೇ ಹೇಳಿ.

ಜೆಲಾಟಿನ್‌ಗೆ ಸುಲಭದ ಪರಿಹಾರ ಇದೆ. ಎಲ್ವಾನ್ಸ್ ಕ್ಯಾಪ್ಸೂಲನ್ನು ಬಿಚ್ಚಿ ತೆಗೆದುಕೊಳ್ಳಬಹುದು ಅಂತ ಕಂಪನಿಯ ಕಾಗದದಲ್ಲೇ ಇದೆ. ಎರಡು ತುದಿ ಹಿಡಿದು ಮೆಲ್ಲಗೆ ತಿರುಗಿಸಿ ಎಳೆಯಿರಿ, ಒಳಗಿನ ಬಿಳಿ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ, ಗಂಟಿದ್ದರೆ ಚಮಚದಲ್ಲಿ ಒಡೆದು ಕಲಸಿ, ಆಗಲೇ ಕುಡಿಯಿರಿ. ಮೊಸರಿಗೂ ಬೆರೆಸಬಹುದು. ಕಲಸಿ ಇಡಬೇಡಿ. ಲೋಟದ ಬದಿಗೆ ತೆಳ್ಳಗೆ ಬಿಳಿ ಪೊರೆ ಉಳಿದರೆ ಅದು ಔಷಧ ಅಲ್ಲ, ಚಿಂತೆ ಬೇಡ. ಅರ್ಧ ಪುಡಿ ಇವತ್ತು ಅರ್ಧ ನಾಳೆ ಅಂತ ಮಾತ್ರ ಮಾಡಬೇಡಿ. ಕ್ಯಾಪ್ಸೂಲನ್ನು ಪಾಲು ಮಾಡುವ ಹಾಗಿಲ್ಲ. ಅಟೊಮಾಕ್ಸೆಟಿನ್ ಕ್ಯಾಪ್ಸೂಲನ್ನು ಹೀಗೆ ಬಿಚ್ಚಬಾರದು, ಪುಡಿ ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಅದಕ್ಕೆ ದ್ರವರೂಪದ್ದು ಇದೆ, ಕೇಳಿ ಪಡೆಯಬೇಕು.

ಇನ್ನು ಊರಿಗೆ ಹೋಗುವುದು. ಹೊರಡುವ ಮುಂಚಿನ ಎರಡು ಮೂರು ವಾರದಲ್ಲಿ ಹೊಸ ಡೋಸ್, ಹೊಸ ಔಷಧ ಶುರು ಮಾಡಬೇಡಿ. ಲಿಸ್‌ಡೆಕ್ಸ್‌ಆಂಫೆಟಮಿನ್ ಭಾರತದ ಅಂಗಡಿಗಳಲ್ಲಿ ಸಿಗುವುದಿಲ್ಲ, ಮೈಸೂರಿನಲ್ಲಿ ಮುಗಿದರೆ ಮುಗಿಯಿತು. ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಮನೋವೈದ್ಯರ ಚೀಟಿ ಇದ್ದರೆ ಸಿಗುತ್ತವೆ, ಮೀಥೈಲ್‌ಫೆನಿಡೇಟನ್ನು ಎಲ್ಲ ಅಂಗಡಿಯವರೂ ಇಡುವುದಿಲ್ಲ. ಬ್ರಿಟನ್ನಿನಿಂದ ಮೂರು ತಿಂಗಳಿಗಿಂತ ಕಡಿಮೆ ಔಷಧ ಒಯ್ಯಲು ಅಲ್ಲಿನ ಗೃಹ ಇಲಾಖೆಯ (ಹೋಮ್ ಆಫೀಸ್) ಲೈಸೆನ್ಸ್ ಬೇಡ. ಆದರೆ ನಿಮ್ಮ ಹೆಸರು, ಔಷಧ, ಡೋಸ್, ಎಷ್ಟು ಕ್ಯಾಪ್ಸೂಲ್, ಪ್ರಯಾಣದ ದಿನಾಂಕ ಇರುವ ವೈದ್ಯರ ಪತ್ರ ಬೇಕು. ಭಾರತದ ಕಡೆಯ ಕಾನೂನು ಬೇರೆ. ಆಂಫೆಟಮಿನ್, ಮೀಥೈಲ್‌ಫೆನಿಡೇಟ್ ಎರಡೂ ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ಹಾಗಾಗಿ ಲಂಡನ್ನಿನ ಭಾರತೀಯ ಹೈಕಮಿಷನ್‌ಗೆ ಈಗಲೇ ಇಮೇಲ್ ಮಾಡಿ, ಉತ್ತರವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ದುಬೈ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸುವುದಾದರೆ ಅಲ್ಲಿನ ನಿಯಮವನ್ನೂ ನೋಡಿ. ಯುಎಇಯಲ್ಲಿ ಇಂಥ ಔಷಧಕ್ಕೆ ಮುಂಚಿತ ಅನುಮತಿ ಕೇಳುತ್ತಾರೆ. ನೇರ ವಿಮಾನ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದೇ ವಾಸಿ.

ಹೊರಡುವ ಹೊತ್ತಿಗೂ ಸ್ಪಷ್ಟ ಉತ್ತರ ಬರದಿದ್ದರೆ? ಐದು ವಾರ ಮಾತ್ರೆ ಇಲ್ಲದೆ ಇರುವುದನ್ನು ಕ್ಲಿನಿಕ್ ಜೊತೆ ಮಾತಾಡಿ. ಎಲ್ವಾನ್ಸ್ ನಿಲ್ಲಿಸಿದರೆ ಕೆಲವು ದಿನ ಸುಸ್ತು, ನಿದ್ದೆ, ಸಪ್ಪೆ ಮನಸ್ಸು, ವಿಪರೀತ ಹಸಿವು ಇರಬಹುದು. ಸಾಮಾನ್ಯವಾಗಿ ಅಪಾಯ ಇರುವುದಿಲ್ಲ. ಅಮ್ಮನ ಮನೆಯಲ್ಲಿ ಇಳಿದ ನಾಲ್ಕು ಕಿಲೋ ವಾಪಸ್ ಬಂದರೆ ನಾನಂತೂ ಬೇಡ ಅನ್ನುವುದಿಲ್ಲ. ಐದು ವಾರ ಬಿಟ್ಟ ಮೇಲೆ ವಾಪಸ್ ಬಂದು ನೇರ 50 ನುಂಗಬೇಡಿ, ಎಷ್ಟರಿಂದ ಶುರು ಮಾಡಬೇಕು ಅಂತ ಹೊರಡುವ ಮೊದಲೇ ಕೇಳಿ ಬರೆದುಕೊಳ್ಳಿ. ಒಯ್ಯುವುದಾದರೆ ಕೈಚೀಲದಲ್ಲಿ, ಫಾರ್ಮಸಿಯ ಲೇಬಲ್ ಇರುವ ಅದೇ ಡಬ್ಬಿಯಲ್ಲಿ ಒಯ್ಯಿರಿ. ಊರಿನಲ್ಲಿ ಬೀರುವಿನೊಳಗೆ ಬೀಗ ಹಾಕಿಡಿ. ರಜಕ್ಕೆ ಮನೆ ತುಂಬ ಮಕ್ಕಳಿರುತ್ತವೆ.